ಮಗುವಿನ ಫಿಟ್ಸ್‌ಗೆ ಒಂದು ವಿಟಮಿನ್ ಮದ್ದಾಗಬಹುದು

ಎರಡು-ಮೂರು ತಿಂಗಳ ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತದೆ. ಮೈಯಲ್ಲಿ ಬಲವಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ. ತಲೆಗೂದಲು ಉದುರುತ್ತದೆ, ಬಾಯಿ-ಕಣ್ಣಿನ ಸುತ್ತ ಚರ್ಮ ಕೆಂಪಾಗಿ ಸುಲಿಯುತ್ತದೆ. ಮನೆಯಲ್ಲಿ ಒಬ್ಬರು ದೃಷ್ಟಿಯಾಗಿದೆ ಅಂತಾರೆ, ಇನ್ನೊಬ್ಬರು ಬೆಳೆಯುತ್ತಾ ಸರಿಯಾಗುತ್ತದೆ ಅಂತಾರೆ. ಉಸ್ತಾದರಲ್ಲಿಗೆ ಕರೆತಂದು ನೂಲು ಕಟ್ಟಿಸುವುದೂ ಉಂಟು. ದುಆ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೂ ತೋರಿಸಿ, ಒಂದು ಮಾತು ಕೇಳಿ: ‘ಇದು ಬಯೋಟಿನಿಡೇಸ್ ಕೊರತೆ ಆಗಿರಬಹುದಾ?’

ಬಯೋಟಿನ್ ಎಂಬುದು ಬಿ ಗುಂಪಿನ ಒಂದು ವಿಟಮಿನ್. ಆಹಾರದಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಕೊಡುವುದು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಕೆಗೆ ತರುವುದು ಬಯೋಟಿನಿಡೇಸ್ ಎಂಬ ಕಿಣ್ವದ ಕೆಲಸ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಕಿಣ್ವ ತೀರಾ ಕಡಿಮೆ. ಇಂಥ ಮಕ್ಕಳಿಗೆ ಫಿಟ್ಸಿನ ಮಾಮೂಲಿ ಮದ್ದು ಹಲವು ಸಲ ಹಿಡಿಯುವುದೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ಕಿಣ್ವ ಎಷ್ಟು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಸಾಮಾನ್ಯ ಮಟ್ಟದ ಶೇ. 10ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಕೊರತೆ.

ಮದ್ದು ಬಯೋಟಿನ್ನೇ. ಸಾಮಾನ್ಯವಾಗಿ ದಿನಕ್ಕೆ 5ರಿಂದ 10 ಮಿಲಿಗ್ರಾಂ. ಎಷ್ಟೆಂದು ಡಾಕ್ಟರೇ ಹೇಳಬೇಕು. ಸಣ್ಣ ಮಕ್ಕಳಿಗೆ ಎದೆಹಾಲಿನಲ್ಲಿ ಕಲಸಿಯೂ ಕೊಡಬಹುದು. ಫಿಟ್ಸ್ ಬೇಗನೆ ಹತೋಟಿಗೆ ಬರುತ್ತದೆ, ಚರ್ಮ, ಕೂದಲು ಸರಿಯಾಗುತ್ತವೆ. ಆದರೆ ತಡವಾಗಿ ಕಿವಿ ಅಥವಾ ಕಣ್ಣಿಗೆ ಪೆಟ್ಟಾದರೆ ಅದು ಹೆಚ್ಚಾಗಿ ವಾಪಸು ಬರುವುದಿಲ್ಲ. ಹಸಿ ಮೊಟ್ಟೆ ಕೊಡಬಾರದು. ಅದರ ಬಿಳಿಭಾಗದಲ್ಲಿರುವ ಅವಿಡಿನ್ ಬಯೋಟಿನ್ನನ್ನು ಹಿಡಿದಿಡುತ್ತದೆ. ಚೆನ್ನಾಗಿ ಬೇಯಿಸಿದ್ದಕ್ಕೆ ತೊಂದರೆಯಿಲ್ಲ.

ಇದು ಉಮ್ಮನ ತಪ್ಪಿನಿಂದ ಬರುವ ರೋಗವಲ್ಲ. ಉಮ್ಮ-ಬಾಪ ಇಬ್ಬರೂ ದೋಷವಿರುವ ಒಂದೊಂದು ಜೀನ್ ಹೊತ್ತಿರುತ್ತಾರೆ; ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25. ಹಾಗಿರುವಾಗ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಂಭವ ಹೆಚ್ಚು. ಚಿಕ್ಕಪ್ಪ, ಮಾವನ ಮಕ್ಕಳನ್ನು ಮದುವೆಯಾಗಲು ಶರೀಅತ್‌ನಲ್ಲಿ ಅನುಮತಿ ಉಂಟು, ಆದರೆ ಕಡ್ಡಾಯವೇನಲ್ಲ. ಕುಟುಂಬದಲ್ಲಿ ಇಂಥ ಮಗು ಇದ್ದರೆ ನಿಶ್ಚಯಕ್ಕೆ ಮೊದಲೇ ಡಾಕ್ಟರರ ಸಲಹೆ ಕೇಳಿ.

ಹೆರಿಗೆಯಾಗಿ ಎರಡು-ಮೂರು ದಿನದಲ್ಲಿ ಮಗುವಿನ ಹಿಮ್ಮಡಿಗೆ ಚುಚ್ಚಿ ಕೆಲವು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆಯಲ್ಲಿ ಇದನ್ನು ಲಕ್ಷಣ ಕಾಣುವ ಮೊದಲೇ ಹಿಡಿಯಬಹುದು. ಎಲ್ಲ ಆಸ್ಪತ್ರೆಗಳಲ್ಲಿ ತಾವಾಗಿ ಮಾಡುವುದಿಲ್ಲ. ಡಿಸ್ಚಾರ್ಜ್‌ಗೆ ಮೊದಲು ನಾವೇ ಕೇಳಬೇಕು. ಮನೆಯಲ್ಲಿ ಒಂದು ಮಗುವಿಗೆ ರೋಗವಿದ್ದರೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೂ ಪರೀಕ್ಷೆ ಮಾಡಿಸಿ. ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಉಂಟು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯು ಕೇಂದ್ರ ಸರಕಾರದ 2021ರ ಅಪರೂಪದ ರೋಗಗಳ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಒಂದು.

ಕೊನೆಗೊಂದು ಮಾತು. ಮಗು ಓಡಾಡುತ್ತಿದೆ, ಮಾತಾಡುತ್ತಿದೆ, ಇನ್ನು ಮದ್ದು ಯಾಕೆ ಎಂದು ನಿಲ್ಲಿಸಬೇಡಿ. ಇದು ಜೀವನಪೂರ್ತಿ ತೆಗೆದುಕೊಳ್ಳುವ ಮದ್ದು. ಮಗು ಚೆನ್ನಾಗಿರುವುದು ಆ ಮದ್ದಿನಿಂದಲೇ.