ಕಣ್ಣಿನೊಳಗಿನ ಪರಿಚಾರಕರು ತಿರುಗಿಬಿದ್ದಾಗ

ಗ್ಲಾಕೋಮಾ ಎಂದರೆ ಕಣ್ಣಿನ ಪ್ರೆಶರ್ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ಅರ್ಧ ಮಾತ್ರ ನಿಜ. ಒತ್ತಡ ಹೆಚ್ಚಿದ್ದೂ ದೃಷ್ಟಿ ಕಳೆದುಕೊಳ್ಳದವರಿದ್ದಾರೆ, ಒತ್ತಡ ಮಾಮೂಲಾಗಿದ್ದೂ ನರ ಸವೆದವರಿದ್ದಾರೆ. ಹಾಗಾದರೆ ನೋಟವನ್ನು ಮಿದುಳಿಗೆ ಒಯ್ಯುವ ಹತ್ತು ಲಕ್ಷಕ್ಕೂ ಮಿಕ್ಕ ನರಕೋಶಗಳನ್ನು ಕೊಲ್ಲುವವರು ಯಾರು?

ಅನುಮಾನ ಈಗ ಗ್ಲಿಯಾ ಕೋಶಗಳತ್ತಲೂ ತಿರುಗಿದೆ. ಮದುವೆಮನೆಯ ಅಡುಗೆಯವರಂತೆ ಇವು ತೆರೆಮರೆಯಲ್ಲೇ ದುಡಿಯುವವು. ಅಕ್ಷಿಪಟಲದ ದಪ್ಪದುದ್ದಕ್ಕೂ ಚಾಚಿಕೊಂಡ ಮ್ಯುಲ್ಲರ್ ಕೋಶಗಳು ನರಕೋಶಗಳನ್ನು ಪೋಷಿಸುತ್ತವೆ, ಅವು ಸ್ರವಿಸಿದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೀರಿ ತೆಗೆಯುತ್ತವೆ. ಈ ಹೀರುವ ಶಕ್ತಿಯಿಲ್ಲದ ಇಲಿಗಳಲ್ಲಿ ಒತ್ತಡ ಏರದೆಯೇ ಗ್ಲಾಕೋಮಾದಂಥ ಹಾನಿ ಕಂಡಿತು. ಇನ್ನು ಕಾವಲು ಕಾಯುವ ಮೈಕ್ರೋಗ್ಲಿಯಾ. ಅವು ಕೆರಳಿದರೆ ಪಕ್ಕದ ಇನ್ನೊಂದು ಬಗೆಯ ಗ್ಲಿಯಾ ಕೋಶಗಳಾದ ಆಸ್ಟ್ರೋಸೈಟ್‌ಗಳಿಗೆ ರಾಸಾಯನಿಕ ಸಂದೇಶ ಹೋಗುತ್ತದೆ, ಆಗ ಆಸ್ಟ್ರೋಸೈಟ್‌ಗಳು ನರಕೋಶಕ್ಕೆ ವಿಷವಾಗಬಲ್ಲವು. ಅಮೆರಿಕದ ಸಂಶೋಧಕರು ಇದನ್ನು 2017ರಲ್ಲಿ ತೋರಿಸಿದರು. ಆ ಸಂದೇಶಗಳನ್ನೇ ತೆಗೆದುಹಾಕಿದ ಇಲಿಗಳಲ್ಲಿ, ಕಣ್ಣಿನ ಒತ್ತಡ ಏರಿಸಿದರೂ ನರಕೋಶಗಳು ಹೆಚ್ಚಾಗಿ ಉಳಿದುಕೊಂಡವು.

ಕೊಲ್ಲುವವರೇ ಕಾಯಲೂ ಬಲ್ಲರೇ? ಈ ಪ್ರಶ್ನೆಯ ಬೆನ್ನು ಹತ್ತಿದ್ದು ಲಂಡನ್. 1805ರಲ್ಲಿ ಶುರುವಾದ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ಪಕ್ಕದಲ್ಲೇ ಯೂನಿವರ್ಸಿಟಿ ಕಾಲೇಜಿನ ನೇತ್ರವಿಜ್ಞಾನ ಸಂಸ್ಥೆಯಿದೆ. ಅಲ್ಲಿ ಆಸ್ಟ್ರಿಡ್ ಲಿಂಬ್ ಮತ್ತು ಸಂಗಡಿಗರು ದಾನಿಯ ಕಣ್ಣಿನಿಂದ ಪಡೆದ ಮ್ಯುಲ್ಲರ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿದರು. ಆ ಕೋಶಸಂತತಿಗೆ ಎಂಐಒ-ಎಂ1 ಎಂದು ಹೆಸರು. ಜೀಬ್ರಾಮೀನು ಇದೇ ಜಾತಿಯ ಕೋಶಗಳಿಂದ ಗಾಯಗೊಂಡ ಅಕ್ಷಿಪಟಲವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ನಮ್ಮ ಕಣ್ಣು ಮಾತ್ರ ಗಾಯದ ಕಲೆ ಮೂಡಿಸಿ ಸುಮ್ಮನಾಗುತ್ತದೆ. ಆದರೆ ಮನುಷ್ಯರ ಮ್ಯುಲ್ಲರ್ ಕೋಶಗಳಲ್ಲೂ ಕಾಂಡಕೋಶದ (ಸ್ಟೆಮ್‌ಸೆಲ್) ಗುಣ ಅಡಗಿದೆಯೆಂದು 2007ರಲ್ಲಿ ಈ ತಂಡ ವರದಿ ಮಾಡಿತು. 2012ರಲ್ಲಿ, ಅವುಗಳಿಂದ ರೂಪಿಸಿದ ಎಳೆಯ ನರಕೋಶಗಳನ್ನು ಹಾನಿಗೊಂಡ ಇಲಿಗಳ ಕಣ್ಣಿಗೆ ಕಸಿ ಮಾಡಿದಾಗ ಅಕ್ಷಿಪಟಲದ ಕಾರ್ಯ ಒಂದಿಷ್ಟು ಚೇತರಿಸಿತು. ಒಂದಿಷ್ಟು ಅಷ್ಟೇ, ಅದೂ ಇಲಿಯಲ್ಲಿ. ಇದನ್ನೇ ತೋರಿಸಿ ಹೋದ ದೃಷ್ಟಿ ತಂದುಕೊಡುತ್ತೇವೆ ಎನ್ನುವ ಸ್ಟೆಮ್‌ಸೆಲ್ ಕ್ಲಿನಿಕ್ಕುಗಳಿಗೆ ದುಡ್ಡು ಸುರಿಯಬೇಡಿ.

ಸದ್ಯಕ್ಕೆ ಕೈಯಲ್ಲಿರುವ ಆಯುಧ ಒತ್ತಡ ಇಳಿಸುವುದೊಂದೇ, ಅದು ಮೊಂಡಾದುದೇನಲ್ಲ. 516 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ದೃಷ್ಟಿ ಕುಗ್ಗಿದವರು ಔಷಧವಿಲ್ಲದ ಹನಿ ಹಾಕಿಕೊಂಡವರಲ್ಲಿ ನೂರಕ್ಕೆ ಸುಮಾರು 26, ನಿಜವಾದ ಔಷಧ ಪಡೆದವರಲ್ಲಿ ಸುಮಾರು 15. ಲೇಸರಿನಿಂದಲೇ ಚಿಕಿತ್ಸೆ ಶುರುಮಾಡಿದವರಲ್ಲಿ ಮುಕ್ಕಾಲುಪಾಲು ಮಂದಿಗೆ ಮೂರು ವರ್ಷ ಕಳೆದರೂ ಹನಿ ಬೇಕಾಗಲಿಲ್ಲ ಎಂದು ಇನ್ನೊಂದು ಬ್ರಿಟಿಷ್ ಅಧ್ಯಯನ 2019ರಲ್ಲಿ ತೋರಿಸಿತು.

ಈ ರೋಗಕ್ಕೆ ಸಾಮಾನ್ಯವಾಗಿ ನೋವಿಲ್ಲ, ಅಂಚಿನ ನೋಟ ಕರಗುವುದು ಗೊತ್ತೇ ಆಗುವುದಿಲ್ಲ. ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಗ್ಲಾಕೋಮಾ ಇದ್ದು ನಿಮಗೆ ನಲವತ್ತು ತುಂಬಿದ್ದರೆ ಇಂಗ್ಲೆಂಡಿನಲ್ಲಿ ಕಣ್ಣಿನ ಪರೀಕ್ಷೆ ಉಚಿತ. ಲಂಡನ್ನಿನಲ್ಲಿರುವ ಕನ್ನಡಿಗರು ಈ ಸೌಲಭ್ಯ ಬಳಸಿಕೊಳ್ಳಲಿ. ನಿಮಗೇ ಕಾಯಿಲೆ ಇದ್ದರೆ, ಊರಿನಲ್ಲಿರುವ ಒಡಹುಟ್ಟಿದವರಿಗೆ ಇವತ್ತೇ ಫೋನ್ ಮಾಡಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.