ಕರಲು ಮಣ್ಣಿನ ಮಾಳಿಗೆ

ಸಾಂಗಲಿ ಜಿಲ್ಲೆಯ ಜತ್ತ ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿ. ಡಫಳಾಪುರದ ಪಾಟೀಲರಾಗಿದ್ದ ಡಫಳೆ ಮನೆತನ ವಿಜಯಪುರದ ಆದಿಲಶಾಹಿಗಳಿಂದ ದೇಶಮುಖಿ ಪಡೆದು ಇಲ್ಲಿ ನೆಲೆಯೂರಿತು. 1820ರಲ್ಲಿ ಬ್ರಿಟಿಷರೊಡನೆ ಒಪ್ಪಂದವಾಯಿತು, 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂಥ ಊರಿಗೆ ಬಂದವರು ಮೊದಲು ರಾಜವಾಡೆಯ ಹಾದಿ ಕೇಳುತ್ತಾರೆ. ಆದರೆ ಜತ್ತದ ಹಳೆಯ ಓಣಿಗಳಲ್ಲಿ, ಉಮರಾಣಿ, ಸಂಖ, ಗುಡ್ಡಾಪುರದಂಥ ಸುತ್ತಲಿನ ಊರುಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗುವವರು ಮಾಳಿಗೆ ಮನೆಗಳತ್ತ ಕಣ್ಣು ಹಾಯಿಸಬೇಕು. ಕಲ್ಲಿನ ಗೋಡೆ, ಕಟ್ಟಿಗೆಯ ಕಂಬ, ಮೇಲೆ ಮಟ್ಟಸವಾದ ಮಣ್ಣಿನ ಚಾವಣಿ. ಮರಾಠಿ ಮಾತಾಡುವವರು ಇದನ್ನೇ ಧಾಬ್ಯಾಚೆ ಘರ ಎನ್ನುತ್ತಾರೆ.

ಇದು ಬರದ ಸೀಮೆ. ಮಲೆನಾಡಿನಂತೆ ತಿಂಗಳುಗಟ್ಟಲೆ ಸುರಿಯುವ ಮಳೆ ಇಲ್ಲವಾದ್ದರಿಂದ ಇಳಿಜಾರಿನ ಹಂಚಿನ ಮಾಡು ಬೇಕಿರಲಿಲ್ಲ. ಬೇಕಿದ್ದದ್ದು ಬೇಸಗೆಯ ಉರಿಯನ್ನು ತಡೆಯುವ ದಪ್ಪನೆಯ ಹೊದಿಕೆ. ಅದಕ್ಕೆ ಸಿಕ್ಕ ಸಾಮಾನು ಕಾಲ ಕೆಳಗಿನ ಮಣ್ಣೇ.

ಕೆಲಸ ಶುರುವಾಗುವುದು ಅಂಕಣದ ಲೆಕ್ಕದಿಂದ. ಎರಡು ಸಾಲು ಕಂಬಗಳ ನಡುವಿನ ಜಾಗವೇ ಅಂಕಣ. ಮನೆ ಎಷ್ಟು ದೊಡ್ಡದು ಎಂದು ಕೇಳಿದರೆ ಹಿರಿಯರು ಇಂದಿಗೂ ಅಂಕಣದಲ್ಲೇ ಹೇಳುತ್ತಾರೆ. ಪ್ರತಿ ಕಂಬದ ಬುಡಕ್ಕೆ ಒಂದು ಕಲ್ಲು. ನೆಲದ ತೇವ ಮತ್ತು ಗೆದ್ದಲು ಕಟ್ಟಿಗೆಗೆ ತಾಗದಂತೆ ಅದು ಕಾಯುತ್ತದೆ. ಕಂಬದ ತಲೆಗೆ ಬೋದಿಗೆ, ಅಂದರೆ ಎರಡೂ ಕಡೆ ತೋಳು ಚಾಚಿದ ಕಟ್ಟಿಗೆಯ ತುಂಡು. ಬಡಿಗೇರರ ಕೆತ್ತನೆ ಹೆಚ್ಚಾಗಿ ಕಾಣುವುದು ಇಲ್ಲೇ. ಆದರೆ ಬೋದಿಗೆ ಬರಿಯ ಅಲಂಕಾರವಲ್ಲ. ತೊಲೆಯ ಭಾರವನ್ನು ಅಗಲವಾಗಿ ಹೊತ್ತು ಕಂಬಕ್ಕೆ ಇಳಿಸುವ ಕೆಲಸ ಅದರದು. ವಾಡೆಗಳಿಗೆ ಸಾಗವಾನಿ ತರಿಸುತ್ತಿದ್ದರು, ಒಕ್ಕಲಿಗರ ಮನೆಗೆ ಹೊಲದ ಬೇವು, ಜಾಲಿಯೇ ಸಾಕಾಗುತ್ತಿತ್ತು.

ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತೆ. ಉಳ್ಳವರು ಜಂತೆಯ ಮೇಲೆ ಹಲಗೆ ಹಾಸುತ್ತಿದ್ದರು. ಉಳಿದವರು ಸಣ್ಣ ಕಟ್ಟಿಗೆ, ತೊಗರಿ ಕಡ್ಡಿಗಳನ್ನು ಸಂದಿಲ್ಲದಂತೆ ಒತ್ತಾಗಿ ಜೋಡಿಸುತ್ತಿದ್ದರು. ಅದರ ಮೇಲೆ ಬೇವಿನ ಸೊಪ್ಪಿನ ಹಾಸು. ಮಣ್ಣು ಕೆಳಗೆ ಉದುರಬಾರದು, ಹುಳು ಹತ್ತಬಾರದು ಎಂಬುದು ಇದರ ಉದ್ದೇಶ. ಆಮೇಲೆ ಕಲಸಿದ ಕೆಸರಿನ ಪದರ, ಅದು ಆರಿದ ಮೇಲೆ ಒಣ ಮಣ್ಣು ಹರವಿ ಬಡಿಯುವುದು. ಒಂದು ಅಡಿಗೂ ಹೆಚ್ಚು ದಪ್ಪ ಬರುವ ತನಕ ಈ ಕೆಲಸ ಸಾಗುತ್ತದೆ. ಮಣ್ಣು ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೇರಬೇಕು, ಆದ್ದರಿಂದ ಇದು ಒಬ್ಬಿಬ್ಬರ ಕೆಲಸವಲ್ಲ. ಇಂದು ನನ್ನ ಮಾಳಿಗೆಗೆ ನೀವು, ನಾಳೆ ನಿಮ್ಮದಕ್ಕೆ ನಾನು ಎಂಬ ಮುಯ್ಯಾಳಿನ ಲೆಕ್ಕದಲ್ಲಿ ಓಣಿಯೇ ಕೂಡುತ್ತಿತ್ತು.

ಎಲ್ಲಕ್ಕೂ ಮೇಲಿನ ಪದರವೇ ಈ ಕಸುಬಿನ ಜೀವ. ಅದು ಕರಲು ಮಣ್ಣು. ನೆಲದ ಮೇಲೆ ಬಿಳಿ ಉಪ್ಪು ಉಕ್ಕಿದಂತೆ ಕಾಣುವ, ಬಿತ್ತಿದ್ದು ನೆಟ್ಟಗೆ ಏಳದ ಸವಳು ಭೂಮಿಯ ಮಣ್ಣು. ಒಕ್ಕಲಿಗ ಬೈಯುವ ಈ ಮಣ್ಣನ್ನೇ ಮಾಳಿಗೆಗೆ ಹುಡುಕಿ ತರುತ್ತಾರೆ. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು, ಉಬ್ಬಿ, ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ತುಂಬಿಬಿಡುತ್ತವೆ. ಮೊದಲ ಹನಿಗಳು ಮಣ್ಣಿನ ಬಾಯಿ ಮುಚ್ಚಿದರೆ ಆಮೇಲಿನ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಬೇರಿಗೆ ನೀರು, ಗಾಳಿ ಸಿಗದಂತೆ ಮಾಡುವ ಗುಣವೇ ಇಲ್ಲಿ ಮನೆಯನ್ನು ಕಾಯುತ್ತದೆ. ಸೋಡಿಯಂ ಹೆಸರು ಕೇಳದವರು ಇದನ್ನು ಕಣ್ಣಳತೆಯಲ್ಲಿ, ಬೆರಳಿನ ನಡುವೆ ತಿಕ್ಕಿ ತಿಳಿದುಕೊಂಡಿದ್ದರು ಎಂಬುದು ನನಗೆ ಈ ಕಸುಬಿನ ದೊಡ್ಡ ಸೋಜಿಗ.

ಮಟ್ಟಸವೆಂದು ಕಂಡರೂ ಮಾಳಿಗೆಗೆ ಒಂದಿಷ್ಟು ಓಟವಿರುತ್ತದೆ. ಆ ಓಟ ಮುಗಿಯುವಲ್ಲಿ ದೋಣಿ, ಅಂದರೆ ಗೋಡೆಯಿಂದ ಹೊರಗೆ ಚಾಚಿ ನೀರು ಚೆಲ್ಲುವ ಕಲ್ಲಿನ ಅಥವಾ ಕಟ್ಟಿಗೆಯ ಕೊಳವೆ. ಓಣಿಯಲ್ಲಿ ತಲೆಯೆತ್ತಿ ದೋಣಿಗಳನ್ನು ನೋಡುತ್ತ ಹೋದರೆ ಯಾವ ಮಾಳಿಗೆಯ ನೀರು ಯಾವ ಕಡೆ ಬೀಳುತ್ತದೆ ಎಂದು ತಿಳಿಯುತ್ತದೆ. ಒಬ್ಬರ ದೋಣಿ ಇನ್ನೊಬ್ಬರ ಗೋಡೆಗೆ ಬಿದ್ದರೆ ಜಗಳ ಖಂಡಿತ.

ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ತಗ್ಗು ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಕಿಟಕಿ ಕಡಿಮೆ. ಬೆಳಕು ಬರುವುದು ಮಾಳಿಗೆಯಲ್ಲೇ ಬಿಟ್ಟ ಬೆಳಕಿಂಡಿಯಿಂದ. ಮಳೆನೀರು ನುಗ್ಗದಂತೆ ಅದರ ಅಂಚನ್ನು ಮಣ್ಣಿನಿಂದ ಎತ್ತರಿಸಿರುತ್ತಾರೆ. ಮೋಡ ಕವಿದಾಗ ಮನೆಯವರು ಯಾರಾದರೂ ಮೇಲೆ ಓಡಿ ಅದರ ಮೇಲೆ ಚಪ್ಪಡಿ ಎಳೆಯುತ್ತಾರೆ. ಬಿಸಿಲಿದ್ದಾಗ ಅದರಿಂದ ಇಳಿದ ಬೆಳಕಿನ ಬಿಲ್ಲೆ ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ಅದು ಎಲ್ಲಿಗೆ ಬಂದಿದೆ ಎಂದು ನೋಡಿ ಒಲೆ ಹೊತ್ತಿಸುವ ಹೊತ್ತನ್ನು ಹೆಂಗಸರು ಗೊತ್ತುಮಾಡುತ್ತಿದ್ದರು.

ಈ ಮನೆಗೆ ದುಡಿಮೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹುಟ್ಟಿದ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಕರಲು ಹರವಬೇಕು. ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನೇ ಹೇರುತ್ತ ಹೋದರೆ ಭಾರ ಏರುತ್ತದೆ, ಅದರೊಡನೆ ಅಪಾಯವೂ. 1993ರ ಸೆಪ್ಟೆಂಬರ್ 30ರಂದು ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥದೇ ಕಲ್ಲು ಮಣ್ಣಿನ ಮನೆಗಳಲ್ಲಿ. ಬಿಗಿಯಾದ ಕಟ್ಟಿಲ್ಲದ ದಪ್ಪ ಕಲ್ಲಿನ ಗೋಡೆಗಳು ಕುಸಿದವು. ಎಷ್ಟೋ ಕಡೆ ಗೋಡೆ ಉರುಳಿದರೂ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು. ಮೆಚ್ಚುವವರು ಈ ಎರಡನ್ನೂ ನೆನಪಿಡಬೇಕು. ಆ ಚೌಕಟ್ಟನ್ನು ಉಳಿಸಿಕೊಂಡು ಗೋಡೆಯನ್ನು ಬಿಗಿಗೊಳಿಸುವ ದಾರಿ ಇದೆ, ಮನೆಯನ್ನೇ ಕೆಡವಿ ಸಿಮೆಂಟಿನ ಸ್ಲ್ಯಾಬ್ ಹಾಕುವುದೊಂದೇ ಉತ್ತರವಲ್ಲ.

ನೋಡಬೇಕೆನ್ನುವವರು ಮೇ ತಿಂಗಳ ಕೊನೆಯಲ್ಲಿ ಬನ್ನಿ, ಕರಲು ಹರವುವ ಕೆಲಸ ಆಗ ಕಣ್ಣಿಗೆ ಬೀಳುತ್ತದೆ. ಬೆಳಗಿನ ತಂಪಿನಲ್ಲೇ ಓಣಿ ಸುತ್ತಿ. ಈ ಮನೆಗಳಲ್ಲಿ ಸಂಸಾರಗಳಿವೆ. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ, ಒಪ್ಪಿಗೆ ಕೇಳಿಯೇ ಮಾಳಿಗೆ ಏರಿ.