ಹೂಳು ಕಲ್ಲಾಗುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಆದರೆ ಮನೆಯೊಳಗೆ ಹಾಸುವ ಶಹಾಬಾದಿ ಕಲ್ಲು ಮಾತ್ರ ಕಲಬುರಗಿ ಕಡೆಯಿಂದಲೇ ಬರಬೇಕು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿರುವ ಗುಂಡುಗಳು ನೆಲದಾಳದ ಶಿಲಾರಸ ಆರಿ ಗಟ್ಟಿಯಾದ ಗ್ರಾನೈಟ್. ಅವು ಪದರ ಬಿಟ್ಟು ಹಲಗೆಯಾಗಿ ಏಳುವುದಿಲ್ಲ. ಶಹಾಬಾದಿ ಕಲ್ಲು ಹಾಗಲ್ಲ, ಹಳೆಯ ಕಡಲಿನ ತಳದಲ್ಲಿ ಪದರದ ಮೇಲೆ ಪದರ ಕೂತ ಸುಣ್ಣ. ಹೀಗೆ ಕೂತು ಕಟ್ಟಿದ ಕಲ್ಲೇ ಕಣಶಿಲೆ.

ಸಿದ್ಧ ಕಣಶಿಲೆ ಇಲ್ಲಿ ಅಪರೂಪ. ಅದರ ಕಚ್ಚಾಮಾಲು ತಯಾರಾಗುವುದು ಮಾತ್ರ ಇಲ್ಲೇ, ದಿನವೂ.

ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಖನಿಜಗಳಿವೆ: ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲವಾಗಿರುತ್ತದೆ. ಆ ನೀರಿಗೆ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಕ್ವಾರ್ಟ್ಜ್ ಮಣಿಯುವುದಿಲ್ಲ; ಬಿಡಿಬಿಡಿಯಾಗಿ ಉದುರಿ ಹಳ್ಳದ ಉಸುಕಾಗುತ್ತದೆ. ಮಳೆಗಾಲದಲ್ಲಿ ಚಿಕ್ಕ ಹಗರಿ ಕೆಂಪಾಗಿ ಹರಿಯುವಾಗ ಹೊತ್ತೊಯ್ಯುವುದು ಈ ಎರಡನ್ನೂ.

ಅದು ಹೋಗಿ ಸೇರುವುದು ತುಂಗಭದ್ರಾ ಜಲಾಶಯಕ್ಕೆ. ಹರಿವು ನಿಂತ ಕಡೆ ಹೊರೆ ಇಳಿಯಲೇಬೇಕು. ಕಣದಲ್ಲಿ ರಾಶಿ ತೂರುವಾಗ ಕಾಳು ಹತ್ತಿರ, ಹೊಟ್ಟು ದೂರ ಬೀಳುವ ಹಾಗೆ, ಹಿನ್ನೀರು ಶುರುವಾಗುವ ಹಡಗಲಿ ಕಡೆ ದಪ್ಪ ಉಸುಕು, ಅಣೆಕಟ್ಟಿನತ್ತ ನುಣ್ಣನೆಯ ಜೇಡಿ. 1953ರಲ್ಲಿ ನೀರು ನಿಲ್ಲಿಸಿದಾಗ ಜಲಾಶಯದ ಲೆಕ್ಕ ಸುಮಾರು 133 ಟಿಎಂಸಿ, ಈಗ 105.78. ಉಳಿದ ಜಾಗದಲ್ಲಿ ಹೂಳು ಕೂತಿದೆ. ಎಲ್ಲವೂ ನಮ್ಮ ಐದು ತಾಲ್ಲೂಕಿನದಲ್ಲ, ಮಲೆನಾಡಿನಿಂದ ತುಂಗೆ, ಭದ್ರೆ ತಂದದ್ದೂ ಇದೆ. ಕಾಲುವೆಯ ಕೊನೆಯ ರೈತನಿಗೆ ಇದು ಶುದ್ಧ ನಷ್ಟ. ಭೂವಿಜ್ಞಾನಿಯ ಕಣ್ಣಿಗೆ ಮಾತ್ರ ಅರ್ಧ ದಾರಿ ಬಂದ ಕಲ್ಲು.

ಇನ್ನರ್ಧ ದಾರಿಗೆ ಎರಡು ಬೇಕು: ಒತ್ತಡ, ಅಂಟು. ಮೇಲೆ ನೂರಾರು ಮೀಟರ್ ಹೂಳು ಪೇರಿದರೆ ಕೆಳಗಿನದರ ನೀರು ಹಿಂಡಿಹೋಗುತ್ತದೆ. ಕಣಗಳ ನಡುವೆ ಜಿನುಗುವ ನೀರಿನಿಂದ ಸಿಲಿಕ, ಸುಣ್ಣ ಅಥವಾ ಕಬ್ಬಿಣದ ಆಕ್ಸೈಡ್ ಒಸರಿ ಅವನ್ನು ಬೆಸೆಯುತ್ತದೆ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದು ಆ ಕಬ್ಬಿಣದಿಂದಲೇ.

ವಿಂಗಡಣೆಯ ಮೊದಲ ಪ್ರಶ್ನೆ, ಕಣ ಎಷ್ಟು ದೊಡ್ಡದು? 2 ಮಿಲಿಮೀಟರಿಗಿಂತ ದಪ್ಪನೆಯ ಹರಳು ಬೆಸೆದರೆ ಪಿಂಡಶಿಲೆ. ಅದಕ್ಕಿಂತ ಸಣ್ಣದು, ಸುಮಾರು 0.06 ಮಿಲಿಮೀಟರಿನವರೆಗೆ, ಮರಳುಗಲ್ಲು. ಇನ್ನೂ ನುಣ್ಣಗಾದರೆ ಜೇಡುಶಿಲೆ. ನಮ್ಮ ಜಲಾಶಯ ಎಂದಾದರೂ ಕಲ್ಲಾದರೆ ಹಡಗಲಿ ಕಡೆ ಮರಳುಗಲ್ಲು, ಅಣೆಕಟ್ಟಿನ ಬುಡದಲ್ಲಿ ಜೇಡುಶಿಲೆ ಸಿಗಬೇಕು.

ಕಣ ಹೊರದೆ, ನೀರಿನಲ್ಲಿ ಕರಗಿದ್ದೇ ಗಟ್ಟಿಯಾಗಿ ಇಳಿಯುವ ಕಲ್ಲುಗಳದು ಬೇರೆ ಬಳಗ. ಎರೆ ಹೊಲದಲ್ಲಿ ಕುಂಟೆಗೆ ಸಿಗುವ ಸುಣ್ಣದ ಹರಳುಗಳು ಹೀಗೆಯೇ ಮಣ್ಣೊಳಗೆ ಕಟ್ಟಿಕೊಂಡವು. ಕೂಡ್ಲಿಗಿಗೆ ನೆರೆಯ ಸಂಡೂರು ಗುಡ್ಡಗಳ ಅದಿರೂ ಹುಟ್ಟಿನಿಂದ ಇದೇ ಬಳಗದ್ದು. 250 ಕೋಟಿ ವರ್ಷಗಳಿಗೂ ಹಿಂದಿನ ಕಡಲಲ್ಲಿ ಕಬ್ಬಿಣದ ಒಂದು ಪದರ, ಸಿಲಿಕದ ಒಂದು ಪದರ ಇಳಿಯಿತು. ಆಮೇಲೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಅದು ಬದಲಾದದ್ದರಿಂದ ಪುಸ್ತಕಗಳು ರೂಪಾಂತರ ಶಿಲೆ ಎನ್ನುತ್ತವೆ. ಪಟ್ಟೆಗಳು ಇನ್ನೂ ಕಣ್ಣಿಗೆ ಕಾಣುವಾಗ ಅದನ್ನು ಹುಟ್ಟಿದ ಮನೆಯಿಂದ ಹೊರಗಿಡಲು ನನಗಂತೂ ಮನಸ್ಸಿಲ್ಲ.

ಮೂರನೆಯ ಬಳಗ ಜೀವಿಗಳದು. ಕಲ್ಲಿದ್ದಲು ಅದರಲ್ಲಿ ಹೆಸರಾದದ್ದು. ಈ ಪುರಾತನ ಶಿಲೆಗಳಲ್ಲಿ ಅದನ್ನು ಅಗೆದು ಹುಡುಕಿ ಫಲವಿಲ್ಲ. ಸಂಡೂರಿನ ಕಡಲಿದ್ದಾಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ, ಅವು ಬಂದದ್ದು 50 ಕೋಟಿ ವರ್ಷಗಳೀಚೆಗೆ. ಇದ್ದದ್ದು ಸೂಕ್ಷ್ಮಜೀವಿಗಳು. ಅವು ಆಳವಿಲ್ಲದ ನೀರಿನಲ್ಲಿ ಹಾಸಾಗಿ ಬೆಳೆದು, ಸುಣ್ಣ ಹಿಡಿದು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಗುಬಟು ಪದರಗಳು ಸಂಡೂರಿನ ಶಿಲಾಪಟ್ಟಿಯಲ್ಲಿ ಸಿಕ್ಕಿವೆ.